ಗೋಕರ್ಣಕ್ಕೆ ಹೊರಟಿದ್ದೀರಾ?

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಶಿವರಾತ್ರಿಯ ದಿನಗಳನ್ನು ಬಿಟ್ಟು. ಆಗ ರಥಬೀದಿಯಲ್ಲಿ ಕಾಲಿಡಲೂ ಜಾಗ ಸಿಗಲ್ಲ. ಗೋಕರ್ಣ ರೋಡ್ ಸ್ಟೇಷನ್ ಹೆಸರಿಗೆ ಗೋಕರ್ಣ ಅಷ್ಟೇ, ಊರು ಅಲ್ಲಿಂದ ಇನ್ನೂ ಸುಮಾರು ಒಂಬತ್ತು ಕಿಲೋಮೀಟರ್. ಹೊತ್ತಲ್ಲದ ಹೊತ್ತಲ್ಲಿ ಇಳಿಯುವವರು ಆಟೋ ಮೊದಲೇ ಮಾತಾಡಿಕೊಳ್ಳಿ. ಮಹಾಬಲೇಶ್ವರನ ದರ್ಶನಕ್ಕೆ ಗಂಡಸರು ಅಂಗಿ ತೆಗೆಯಬೇಕು, ಬ್ಯಾಗಲ್ಲಿ ಒಂದು ಪಂಚೆ ಇಟ್ಟುಕೊಂಡಿರಿ.

ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಗುಡ್ಡದ ಮೇಲೆ ಕಾಲುದಾರಿಯಿದೆ, ಅರ್ಧ ಗಂಟೆಯೊಳಗಿನ ನಡಿಗೆ. ಮುಂದಿನ ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳಿಗೆ ವಾಹನ ಹೋಗುವ ರಸ್ತೆಯಿಲ್ಲ. ನಡೆಯಬೇಕು, ಇಲ್ಲ ದೋಣಿ ಹಿಡಿಯಬೇಕು. ರಸ್ತೆ ಇಲ್ಲದ್ದೇ ಅವುಗಳ ಪುಣ್ಯ ಅನ್ನಿಸುತ್ತೆ. ಮುರಕಲ್ಲಿನ ಗುಡ್ಡದಲ್ಲಿ ನೆರಳು ಕಮ್ಮಿ, ತಲೆಗೆ ಒಂದು ಲೀಟರ್ ನೀರಾದರೂ ಬೇಕು. ಚಪ್ಪಲಿ ಜಾರುತ್ತೆ, ಹಿಡಿತವಿರುವ ಶೂ ಹಾಕಿ. ಕತ್ತಲಾಗುವ ಮೊದಲೇ ವಾಪಸ್ ಹೊರಡಿ, ಏಕೆಂದರೆ ದಾರಿ ಕವಲೊಡೆಯುವ ಕಡೆ ಟಾರ್ಚ್ ಇದ್ದರೂ ಗೊಂದಲವಾಗುತ್ತದೆ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತವೆ, ಪಾಚಿ ಹಿಡಿದ ಬಂಡೆಯ ಮೇಲೆ ಸೆಲ್ಫಿ ಬೇಡವೇ ಬೇಡ.

ಈಜುವವರಿಗೆ: ಎರಡೂ ಬದಿ ಅಲೆ ಒಡೆಯುತ್ತಿದ್ದು ನಡುವೆ ನೀರು ಕಪ್ಪಗೆ, ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡಿ. ದಡಕ್ಕೆ ಬಂದ ನೀರು ಸಮುದ್ರಕ್ಕೆ ವಾಪಸ್ ಹರಿಯುವುದು ಹೆಚ್ಚಾಗಿ ಅಂಥ ಕಡೆಯೇ. ಸೆಳೆತಕ್ಕೆ ಸಿಕ್ಕರೆ ದಡದತ್ತ ಎದುರೀಜಿದಷ್ಟೂ ಸುಸ್ತು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ. ಕುಡಿದು ನೀರಿಗಿಳಿಯುವವರಿಗೆ ಇದ್ಯಾವುದೂ ನೆನಪಾಗಲ್ಲ ಬಿಡಿ.