ಇಲ್ಲದ ಕಾಲಿನ ಹೆಬ್ಬೆರಳು

"ಲೇ ಮಗಾ, ಆ ಹೆಬ್ಬೆರಳು ಒಂಚೂರು ತಿಕ್ಕೋ, ಉರಿ ತಡೆಯಕ್ಕಾಗ್ತಿಲ್ಲ" ಅಂದರು ದೊಡ್ಡಪ್ಪ. ನಾನು ಅವರ ಎಡಗಾಲಿಗೆ ಕೈ ಹಾಕಿದೆ. ತಲೆ ಅಲ್ಲಾಡಿಸಿದರು. "ಅದಲ್ಲ ಕಣೋ, ಈ ಕಡೇದು."

ಈ ಕಡೆ ಕಾಲೇ ಇರಲಿಲ್ಲ. ಮಂಡಿಯಿಂದ ಒಂದು ಗೇಣು ಕೆಳಗೆ ಬ್ಯಾಂಡೇಜ್ ಸುತ್ತಿದ್ದರು. ಅಲ್ಲಿಂದ ಮುಂದೆ ಬರೀ ಹಾಸಿಗೆ.

ಸಕ್ಕರೆ ಕಾಯಿಲೆ. ತಿಪಟೂರಿನ ಹತ್ತಿರ ನಮ್ಮ ತೋಟದಲ್ಲಿ ಬರಿಗಾಲಲ್ಲೇ ಓಡಾಡುತ್ತಿದ್ದವರು. ಯಾವಾಗಲೋ ಮುಳ್ಳು ಹೊಕ್ಕಿದೆ, ಅವರಿಗೆ ಗೊತ್ತೇ ಆಗಿಲ್ಲ. ಸಕ್ಕರೆ ಜಾಸ್ತಿಯಾಗಿ ವರ್ಷಗಟ್ಟಲೆ ಹಾಗೇ ಇದ್ದರೆ ಪಾದದ ನರಗಳು ಹಾಳಾಗುತ್ತವೆ, ಚುಚ್ಚಿದ್ದು, ಸುಟ್ಟಿದ್ದು ತಿಳಿಯುವುದಿಲ್ಲ. ಗಾಯ ಕೀವಾಗಿ, ಗ್ಯಾಂಗ್ರೀನ್ ಆಗಿ, ಕೊನೆಗೆ ಕಾಲು ತೆಗೆಯಬೇಕಾಯಿತು. ಕಾಲಿದ್ದಾಗ ಮುಳ್ಳು ಹೊಕ್ಕರೂ ಗೊತ್ತಾಗಲಿಲ್ಲ, ಕಾಲು ಹೋದ ಮೇಲೆ ಅದೇ ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ತಿರುಚಿಕೊಂಡು ಕೂತಿದೆ, ಬಿಡಿಸಕ್ಕೆ ಆಗ್ತಿಲ್ಲ ಅಂತ ರಾತ್ರಿಯೆಲ್ಲ ನರಳುತ್ತಿದ್ದರು.

ನಾವು ಮನೆಯವರು ಏನು ಮಾಡಿದೆವು? "ಮನಸ್ಸಿಗೆ ಹಚ್ಕೋಬೇಡಿ" ಅಂದೆವು. ದೊಡ್ಡಮ್ಮ ದೃಷ್ಟಿ ತೆಗೆದರು. ನಾನೂ "ಅಲ್ಲೇನಿಲ್ಲ ದೊಡ್ಡಪ್ಪ, ನೋಡಿ" ಅಂತ ಹೊದಿಕೆ ಸರಿಸಿ ತೋರಿಸಿದೆ. ಅದು ನನಗೆ ಇವತ್ತಿಗೂ ಬೇಜಾರು. ಅವರಿಗೆ ಕಣ್ಣಿಲ್ವಾ? ಕಾಲಿಲ್ಲ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆಮೇಲೆ ಅವರು ಹೇಳುವುದನ್ನೇ ನಿಲ್ಲಿಸಿದರು. ಟವೆಲ್ ಕಚ್ಚಿಕೊಂಡು ಮಲಗುತ್ತಿದ್ದರು.

ಇದಕ್ಕೆ ಫ್ಯಾಂಟಮ್ ಲಿಂಬ್ ಅಂತ ಹೆಸರಿದೆ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ನೋಡಿದ ಸೈಲಸ್ ವೇರ್ ಮಿಚೆಲ್ ಅನ್ನುವ ವೈದ್ಯರು 1871ರಲ್ಲಿ ಆ ಹೆಸರು ಬಳಸಿದರು. ಕೈಯೋ ಕಾಲೋ ಹೋದವರಲ್ಲಿ ಬಹುಪಾಲು ಜನರಿಗೆ ಅದು ಇನ್ನೂ ಇದೆ ಅಂತ ಅನ್ನಿಸುತ್ತದೆ, ಅವರಲ್ಲಿ ತುಂಬಾ ಜನರಿಗೆ ನೋವೂ ಇರುತ್ತದೆ. ಹುಚ್ಚಲ್ಲ, ಭ್ರಮೆ ಹಿಡಿದದ್ದಲ್ಲ.

ನನಗೆ ಇದು ಅರ್ಥವಾಗಿದ್ದು ಪಹಣಿ ನೆನಪಿಸಿಕೊಂಡಾಗ. ನಮ್ಮ ಮೆದುಳಿನಲ್ಲಿ ಇಡೀ ಮೈಯ ಒಂದು ನಕ್ಷೆ ಇದೆ. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಸರ್ಜನ್ 1930ರ ದಶಕದಲ್ಲಿ, ಮೂರ್ಛೆರೋಗದವರು ಎಚ್ಚರವಾಗಿರುವಾಗಲೇ ಮೆದುಳಿಗೆ ಸಣ್ಣ ವಿದ್ಯುತ್ ಮುಟ್ಟಿಸಿ, ಎಲ್ಲಿ ಮುಟ್ಟಿದರೆ ಮೈಯ ಯಾವ ಭಾಗದಲ್ಲಿ ಗೊತ್ತಾಗುತ್ತದೆ ಅಂತ ಕೇಳಿ ಕೇಳಿ ಆ ನಕ್ಷೆ ಬರೆದರು. ತುಟಿಗೂ ಬೆರಳುಗಳಿಗೂ ದೊಡ್ಡ ದೊಡ್ಡ ಜಾಗ, ಬೆನ್ನಿಗೆ ಚಿಕ್ಕದು. ಕೈಯ ಪಕ್ಕದ ಹೊಲವೇ ಮುಖ. ಹೊಳೆ ಬಂದು ಜಮೀನು ಕೊಚ್ಚಿಕೊಂಡು ಹೋದರೂ ಪಹಣಿಯಲ್ಲಿ ಸರ್ವೆ ನಂಬರ್ ಹಾಗೇ ಇರುತ್ತದೆ ಅಲ್ವಾ, ದೊಡ್ಡಪ್ಪನ ಕಾಲೂ ಹಾಗೆ. ಕಾಲು ಹೋಯಿತು, ದಾಖಲೆ ಹೋಗಲಿಲ್ಲ.

ಈ ವಿಷಯದಲ್ಲಿ ಮುಖ್ಯ ಹೆಸರು ವಿ. ಎಸ್. ರಾಮಚಂದ್ರನ್. ಚೆನ್ನೈನಲ್ಲಿ ವೈದ್ಯಕೀಯ ಓದಿ ಆಮೇಲೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕೆಲಸ ಮಾಡಿದವರು. ಕೈ ಕಳೆದುಕೊಂಡ ಒಬ್ಬ ಹುಡುಗನ ಕಣ್ಣು ಕಟ್ಟಿ, ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆ ಮುಟ್ಟಿದರು. "ನನ್ನ ಕೈಬೆರಳು ಮುಟ್ಟುತ್ತಿದ್ದೀರಿ" ಅಂದ ಅವನು. ಇಲ್ಲದ ಕೈಯ ಬೆರಳು! ಖಾಲಿ ಬಿದ್ದ ಹೊಲಕ್ಕೆ ಪಕ್ಕದವರು ಬದು ಒತ್ತುತ್ತಾರಲ್ಲ, ಹಾಗೆ ಮುಖ ಬಂದು ಕೈಯ ಜಾಗ ಸೇರಿಕೊಂಡಿದೆ ಅನ್ನುವುದು ಅವರ ವಾದ. ಇತ್ತೀಚಿನ ಸಂಶೋಧನೆಗಳು ಬೇರೆ ಮಾತು ಹೇಳುತ್ತವೆ. ಕೈ ಹೋಗಿ ಎಷ್ಟೋ ವರ್ಷವಾದರೂ ಮೆದುಳಿನಲ್ಲಿ ಆ ಕೈಯ ನಕ್ಷೆ ಅಳಿಸಿರುವುದಿಲ್ಲವಂತೆ. ದೊಡ್ಡಪ್ಪನನ್ನು ನೋಡಿದ ನನಗೆ ಈ ಎರಡನೆಯದೇ ಹತ್ತಿರ ಅನ್ನಿಸುತ್ತದೆ. ಒಂದೊಂದು ಬೆರಳೂ ಎಲ್ಲಿದೆ, ಹೇಗಿದೆ ಅಂತ ಬಿಡಿಬಿಡಿಯಾಗಿ ಹೇಳುತ್ತಿದ್ದರು.

ಕಾಲು ಗಟ್ಟಿಯಾಗಿರುವ ನಮಗೂ ಈ ನಕ್ಷೆಯ ಆಟ ಗೊತ್ತಾಗಬೇಕಾ? 1998ರಲ್ಲಿ ಮ್ಯಾಥ್ಯೂ ಬೊಟ್ವಿನಿಕ್, ಜೊನಾಥನ್ ಕೋಹೆನ್ ಅನ್ನುವವರು ಒಂದು ಪ್ರಯೋಗ ಪ್ರಕಟಿಸಿದರು. ಅದನ್ನು ನಾನು ನನ್ನ ತಂಗಿಯ ಮಗಳ ಮೇಲೆ ಮಾಡಿ ನೋಡಿದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸಿಗೆ ರಾಗಿಹಿಟ್ಟು ತುಂಬಿ ಕಟ್ಟಿ ಟೇಬಲ್ ಮೇಲೆ ಇಟ್ಟೆ. ಅವಳ ಸ್ವಂತ ಕೈಯನ್ನು ಚಪ್ಪಲಿ ಡಬ್ಬದ ಹಿಂದೆ ಮರೆ ಮಾಡಿದೆ. ಎರಡು ಪೇಂಟಿಂಗ್ ಬ್ರಷ್ ಹಿಡಿದು ಗ್ಲೌಸನ್ನೂ ಮರೆಯಲ್ಲಿದ್ದ ಅವಳ ಕೈಯನ್ನೂ ಒಟ್ಟೊಟ್ಟಿಗೆ, ಒಂದೇ ಬೆರಳಿನ ಮೇಲೆ ಸವರುತ್ತಾ ಹೋದೆ. ಒಂದೆರಡು ನಿಮಿಷದಲ್ಲಿ "ಮಾಮ, ಇದೇ ನನ್ನ ಕೈ ಅನ್ನಿಸ್ತಿದೆ" ಅಂದಳು. ಸಟ್ಟುಗ ಎತ್ತಿ ಗ್ಲೌಸಿನ ಮೇಲೆ ಹೊಡೆಯುವ ಹಾಗೆ ಮಾಡಿದೆ. ಡಬ್ಬದ ಹಿಂದಿನ ನಿಜವಾದ ಕೈಯನ್ನು ಸರಕ್ಕನೆ ಎಳೆದುಕೊಂಡಳು. ಎಲ್ಲರಿಗೂ ಹೀಗಾಗುವುದಿಲ್ಲ, ನನ್ನ ತಂಗಿಗೆ ಏನೂ ಅನ್ನಿಸಲಿಲ್ಲ. ಇದು ನನ್ನ ಮೈ ಅನ್ನುವ ಭಾವನೆ ನರಗಳಿಂದ ಮಾತ್ರ ಬರುವುದಿಲ್ಲ. ಕಣ್ಣು ಕಂಡದ್ದನ್ನೂ ಚರ್ಮ ಮುಟ್ಟಿದ್ದನ್ನೂ ಮೆದುಳು ಸುಮ್ನೆ ಕೂಡಿಸಿ ಒಂದು ತೀರ್ಮಾನಕ್ಕೆ ಬರುತ್ತದೆ, ಕಣ್ಣಿನ ಮಾತಿಗೆ ಅದು ತುಂಬಾ ಬೆಲೆ ಕೊಡುತ್ತದೆ.

ಹಾಗಾದರೆ ಇಲ್ಲದ ಕೈಯನ್ನೋ ಕಾಲನ್ನೋ ಕಣ್ಣಿಗೆ ತೋರಿಸಿದರೆ? ರಾಮಚಂದ್ರನ್ 1990ರ ದಶಕದಲ್ಲಿ ಮಾಡಿದ್ದು ಅದನ್ನೇ, ಅದೂ ಬರೀ ಒಂದು ಕನ್ನಡಿ ಇಟ್ಟುಕೊಂಡು, ಇರುವ ಕೈಯ ಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುವ ಹಾಗೆ. 2007ರಲ್ಲಿ ವಾಷಿಂಗ್ಟನ್‌ನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯವರು ಕಾಲು ಕಳೆದುಕೊಂಡವರಿಗೆ ನಾಲ್ಕು ವಾರ, ದಿನಕ್ಕೆ 15 ನಿಮಿಷ ಇದನ್ನು ಮಾಡಿಸಿ ನೋಡಿದರು. ಕನ್ನಡಿ ನೋಡಿದ ಆರೂ ಜನರಿಗೆ ನೋವು ಕಡಿಮೆಯಾಯಿತು. ಬಟ್ಟೆ ಮುಚ್ಚಿದ ಕನ್ನಡಿ ಇಟ್ಟುಕೊಂಡು ಅದೇ ವ್ಯಾಯಾಮ ಮಾಡಿದ ಆರು ಜನರಲ್ಲಿ ಒಬ್ಬರಿಗೆ ಮಾತ್ರ. ಚಿಕ್ಕ ಪ್ರಯೋಗವೇ, ಎಲ್ಲರಿಗೂ ಕೆಲಸ ಮಾಡುತ್ತದೆ ಅಂತ ಹೇಳಕ್ಕಾಗಲ್ಲ.

ನಮಗೆ ಇದನ್ನು ಹೇಳಿಕೊಟ್ಟಿದ್ದು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್. ಗ್ಲಾಸ್ ಅಂಗಡಿಯಲ್ಲಿ ಎರಡೂವರೆ ಅಡಿ ಉದ್ದದ ಕನ್ನಡಿ ಕತ್ತರಿಸಿ, ಅಂಚು ತಿಕ್ಕಿಸಿಕೊಂಡು ತಂದೆ. ದೊಡ್ಡಪ್ಪ ಮಂಚದ ಮೇಲೆ ಕಾಲು ಚಾಚಿ ಕೂತರು. ಎರಡೂ ಕಾಲಿನ ನಡುವೆ ಕನ್ನಡಿ ನಿಲ್ಲಿಸಿದೆ, ಮುಖ ಎಡಗಾಲಿನ ಕಡೆ. ಮೋಟುಗಾಲು ಹಿಂದೆ ಮರೆಯಾಯಿತು. ಅವರು ಸ್ವಲ್ಪ ಬಗ್ಗಿ ಕನ್ನಡಿಯೊಳಗೆ ನೋಡಿದರು. ಅಲ್ಲಿ ಬಲಗಾಲಿತ್ತು. ಒಡೆದ ಹಿಮ್ಮಡಿ, ದಪ್ಪ ಉಗುರು, ಎಲ್ಲಾ ಇತ್ತು.

"ಎರಡೂ ಕಾಲಿನ ಬೆರಳು ಮಡಚಿ, ನಿಧಾನಕ್ಕೆ ಬಿಡಿಸಿ" ಅಂದರು ಫಿಸಿಯೋಥೆರಪಿಸ್ಟ್. ದೊಡ್ಡಪ್ಪ ಬಿಡಿಸಿದರು. ಮಾತೇ ಇಲ್ಲ. ಮತ್ತೆ ಮಡಚಿದರು, ಮತ್ತೆ ಬಿಡಿಸಿದರು. ಕಣ್ಣು ತುಂಬಿ ಬಂತು.

"ಬಿಟ್ಕೊಳ್ತು ಕಣೋ."

ಕನ್ನಡಿ ತೆಗೆದ ಮೇಲೆ ಹೆಬ್ಬೆರಳು ಮತ್ತೆ ತಿರುಚಿಕೊಂಡಿತು. ಆದರೂ ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಕೂರುತ್ತಿದ್ದರು. ಮೂರು ವಾರವಾಗುವ ಹೊತ್ತಿಗೆ ರಾತ್ರಿ ನಿದ್ದೆ ಬರಕ್ಕೆ ಶುರುವಾಯಿತು. ನೋವು ಪೂರ್ತಿ ಹೋಗಿಲ್ಲ, ಮೋಡ ಕವಿದ ದಿನ ಈಗಲೂ ಚುಚ್ಚುತ್ತದೆ ಅನ್ನುತ್ತಾರೆ. ನಾವು ಈಗ "ಎಲ್ಲಿ, ಯಾವ ಬೆರಳು?" ಅಂತ ಕೇಳುತ್ತೇವೆ.

ಈಚೆಗೆ ಒಂದು ಹೊಸ ವಿಷಯ ಹೇಳಿದರು. ಪಾದ ಮೇಲಕ್ಕೆ ಬಂದುಬಿಟ್ಟಿದೆಯಂತೆ, ಮಂಡಿಯ ಕೆಳಗೇ ಅಂಟಿಕೊಂಡ ಹಾಗೆ. ಇದೂ ಎಷ್ಟೋ ಜನರಿಗೆ ಆಗುತ್ತದೆ, ಇಲ್ಲದ ಕಾಲು ದಿನ ಹೋದ ಹಾಗೆ ಗಿಡ್ಡವಾಗುತ್ತಾ ಬರುತ್ತದೆ. ಕಳೆದ ತಿಂಗಳು ಅವರಿಗೆ ಜೈಪುರ ಕಾಲು ಹಾಕಿಸಿದೆವು. ರಬ್ಬರ್ ಪಾದ, ಚಪ್ಪಲಿ ಇಲ್ಲದೆಯೂ ತೋಟದಲ್ಲಿ ನಡೆಯಬಹುದು. ಬೆಲ್ಟ್ ಬಿಗಿದು ಗೋಡೆ ಹಿಡಿದು ಎದ್ದು ನಿಂತರು. ಆ ರಬ್ಬರ್ ಪಾದವನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದರು.

"ಈಗ ಕೆಳಗಿಳೀತು ನೋಡು" ಅಂದರು. "ಬೆರಳು ನೆಲ ಮುಟ್ತು."