ಸಾಲಿ ಬಿಟ್ಟು ಆ್ಯಪ್ ಮಾಡೋ ಕೆಲಸಕ್ಕ ಬಂದೀನಿ, ಕೇಳಿದೋರಿಗೆಲ್ಲಾ ಇಲ್ಲೇ ಉತ್ತರ

ಟೀಚರ್ ಕೆಲಸ ಬಿಟ್ಟು ಸಾಫ್ಟ್‌ವೇರ್‌ಗೆ ಹೋದ್ರಂತಲ್ಲ, ಕೋಡಿಂಗ್ ಎಲ್ಲಿ ಕಲಿತ್ರಿ ಅಂತ ರಾಯಚೂರಿನ ನಮ್ಮ ಬಿ.ಎಡ್ ಗೆಳತ್ಯಾರು ಕೇಳ್ತಾನೇ ಇರ್ತಾರ, ಒಬ್ಬೊಬ್ಬರಿಗೆ ಮೆಸೇಜ್ ಹಾಕೋ ಬದ್ಲಿ ಇಲ್ಲೇ ಬರೀತೀನಿ. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಎಲ್ಲಾ ಯೂಟ್ಯೂಬ್‌ನಾಗ ಪುಕ್ಕಟೆ ಸಿಗ್ತಾವ, ರಾತ್ರಿ ಊಟ ಆದ ಮ್ಯಾಲೆ ದಿನಾ ಕುಂತ್ರ ಬರ್ತಾವ. ಆದ್ರ ಒಂದನೇ ಕ್ಲಾಸಿನ ಹುಡುಗ ಓದೋವಾಗ ಎಲ್ಲಿ ತಡವರಸ್ತಾನ ಅನ್ನೋದು ಯಾವ ವಿಡಿಯೋದಾಗೂ ಸಿಗಂಗಿಲ್ಲ, ಅದು ನಮ್ಮಂಥೋರ ಹತ್ರ ಅದ, ಅದನ್ನ ಸಣ್ಣದು ಅನ್ಕೋಬ್ಯಾಡ್ರಿ.

ನಾನು ದೇವದುರ್ಗ ಕಡೆ ಸರ್ಕಾರಿ ಸಾಲ್ಯಾಗ ಅತಿಥಿ ಶಿಕ್ಷಕಿ ಆಗಿದ್ದೆ, ನಲಿ-ಕಲಿ ಕ್ಲಾಸು, ಅಂದ್ರ ಸಣ್ಣ ಮಕ್ಕಳಿಗೆ ಆಟ, ಕಾರ್ಡಿನ ಮೂಲಕ ಕಲಿಸೋ ಪದ್ಧತಿ. ಗೌರವಧನದಾಗ ಮನಿ ನಡೀತಿರಲಿಲ್ಲ, ಅದಕ್ಕ ಬಿಟ್ಟೆ. ನಲಿ-ಕಲಿ 1995ರಾಗ ಮೈಸೂರು ಕಡೆ ಹೆಗ್ಗಡದೇವನಕೋಟೆಯಾಗ ಶುರು ಆದದ್ದು, ಅದ್ರಾಗ ಅಕ್ಷರ ಅ ಆ ಇ ಈ ಅಂತ ಹೋಗಂಗಿಲ್ಲ, ರ ಗ ಸ ದ ಅ ಅಂತ ಶುರು. ಈ ಐದು ಬಂದ್ರ ಸಾಕು, ಸರ, ದರ, ಅರಸ, ಅಗಸ, ಗರಗಸ ಅಂತ ಮಗು ತಾನೇ ಕೂಡಿಸಿ ಓದ್ತದ, ಆವಾಗ ಅದರ ಮಾರಿ ನೋಡ್ಬೇಕು ನೀವು! ನಾನು ಸೇರಿದ ಕಂಪನಿ ಮಕ್ಕಳಿಗೆ ಕನ್ನಡ ಓದೋದು ಕಲಿಸೋ ಆ್ಯಪ್ ಮಾಡ್ತದ, ಆ ಆ್ಯಪ್‌ನಾಗ ಮೊದಲ ಪಾಠನೇ ಅ ಆ ಇ ಈ ಇತ್ತು. ಸಾಲ್ಯಾಗ ಒಂದು ದಾರಿ, ಫೋನಿನಾಗ ಇನ್ನೊಂದು ದಾರಿ ಆದ್ರ ಮಗು ಯಾವುದು ಹಿಡೀಬೇಕು? ಮೀಟಿಂಗ್‌ನಾಗ ಐದು ಕಾರ್ಡ್ ಬರ್ಕೊಂಡು ಹೋಗಿ ಟೇಬಲ್ ಮ್ಯಾಲೆ ಇಟ್ಟು ಪದ ಮಾಡಿ ತೋರಿಸ್ದೆ, ಆಮ್ಯಾಲೆ ಒಪ್ಪಿದ್ರು.

ಇನ್ನೊಂದು, ಇದು ಕೋಡ್ ಬರೆಯೋರಿಗೆ ಉಪಯೋಗ ಆಗೋದು. ಪದ ಬಿಡಿಸಿ ಒಂದೊಂದು ಅಕ್ಷರ ಒಂದೊಂದು ಡಬ್ಬಿಯಾಗ ಇಡೋ ಆಟ ಇತ್ತು. 'ಅಕ್ಷರ' ಅನ್ನೋ ಪದಕ್ಕ ಐದು ಡಬ್ಬಿ ಬಂದ್ವು! ಯಾಕಂದ್ರ ಕಂಪ್ಯೂಟರ್‌ನಾಗ ಅಕ್ಷರಕ್ಕ ಸಂಕೇತ ಕೊಡೋ ಪದ್ಧತಿ ಆದ ಯೂನಿಕೋಡ್‌ನಾಗ ಅ, ಕ, ಅರ್ಧಾಕ್ಷರದ ಚಿಹ್ನೆ, ಷ, ರ ಅಂತ ಐದು ಸಂಕೇತ ಇರ್ತಾವ, ಕಂಪ್ಯೂಟರ್ ಅಷ್ಟನ್ನೂ ಬ್ಯಾರೆ ಬ್ಯಾರೆ ಎಣಸ್ತದ, 'ಸ್ತ್ರೀ' ಅಂದ್ರ ಆರು. ಮಗುವಿಗೆ ಅದು ಒಂದೇ ಅಕ್ಷರ. 'ಅಕ್ಷರ'ದ ಮೂರನೇ ಡಬ್ಬಿಯಾಗ ಚುಕ್ಕಿ ಚುಕ್ಕಿ ಗುಂಡು, ಅದರ ಮ್ಯಾಲೆ ಒಂದು ಕೊಂಬು, ಇದು ಯಾ ಅಕ್ಷರ ಟೀಚರ್ ಅಂತ ಕೇಳಿದ್ರ ಏನ್ ಹೇಳೋದು? ಒತ್ತು, ಕಾಗುಣಿತದ ಚಿಹ್ನೆ, ಸೊನ್ನೆ, ವಿಸರ್ಗ ಎಲ್ಲಾ ಹಿಂದಿನ ಅಕ್ಷರಕ್ಕ ಕೂಡೋ ಹಂಗ ಒಂದು ಸಣ್ಣ ಫಂಕ್ಷನ್ (ಕೋಡಿನ ತುಣುಕು) ಬರದೆ, ಈಗ 'ಅಕ್ಷರ' ಮೂರು ಡಬ್ಬಿಯಾಗ ಕುಂದರ್ತದ. ನನ್ನ ಕೆಲಸದಾಗ ನನಗ ಬಾಳ ಹೆಮ್ಮೆ ಇರೋದು ಇದರ ಬಗ್ಗೆ.

ಆಮ್ಯಾಲೆ ಹತ್ತಿ. ನಮ್ಮ ಕಡೆ ದೀಪಾವಳಿ ಮುಗೀತು ಅಂದ್ರ ಹತ್ತಿ ಬಿಡಸಾಕ ಅವ್ವನ ಜೊತಿ ಮಕ್ಕಳೂ ಹೊಲಕ್ಕ ಹೋಗ್ತಾವ, ಕ್ಲಾಸಿನಾಗ ಅರ್ಧ ಚಾಪಿ ಖಾಲಿ. ಕೂಲಿಗಂತ ದೂರ ಗುಳೆ ಹೋದ ಮನ್ಯಾಗಿನ ಮಕ್ಕಳು ಇನ್ನೂ ತಡ ಬರ್ತಾವ. ಆ್ಯಪ್‌ನಾಗ ದಿನಾ ಬಂದ್ರ ಒಂದು ಸ್ಟಾರ್, ಒಂದು ದಿನ ತಪ್ಪಿದ್ರ ಎಲ್ಲಾ ಅಳಿಸಿ ಸೊನ್ನೆ. ಅಂದ್ರ ಹೊಲದಾಗ ದುಡಿದು ಬಂದ ಮಗುವಿಗೆ ನಾವೇ ದಂಡ ಹಾಕಿದಂಗ, ಇದು ನ್ಯಾಯ ಅಲ್ಲ ಅಂತ ನಾನು ಸಿಟ್ಟಿಲೇ ಹೇಳ್ದೆ. ನಲಿ-ಕಲಿಯಾಗ ಪಾಠ ಎಲ್ಲಾ ಏಣಿ ಮೆಟ್ಟಿಲಿನಂಗ ಜೋಡಿಸಿರ್ತಾರ, ಮಗು ಎಲ್ಲಿ ಬಿಟ್ಟಿತ್ತೋ ಅದೇ ಮೆಟ್ಟಿಲಿನಿಂದ ಹತ್ತತದ, ಯಾರೂ ಅದನ್ನ ಕೆಳಗ ದಬ್ಬಂಗಿಲ್ಲ. ಈಗ ಆ್ಯಪ್‌ನಾಗೂ ಹಂಗೇ ಮಾಡೀವಿ, ತಿರುಗಿ ಬಂದ ಮಗುವಿಗೆ ಮೊದಲು ಗೊತ್ತಿರೋ ನಾಕು ಪದ ಬರ್ತಾವ, ಆಮ್ಯಾಲೆ ಹೊಸದು. ನೆಟ್ ಇಲ್ದನೂ ನಡೀತದ, ಯಾಕಂದ್ರ ಫೋನ್ ಇರೋದು ಅಪ್ಪನ ಹತ್ರ, ಅಂವ ಸಂಜಿಗೆ ಬರ್ತಾನ, ಬರೋ ಹೊತ್ತಿಗೆ ಡೇಟಾ ಮುಗಿದಿರ್ತದ.

ಕೆಲಸ ಹುಡುಕೋರು ಒಂದು ಹುಷಾರು ಇರ್ರಿ. ಅಕಾಡೆಮಿಕ್ ಕೌನ್ಸೆಲರ್ ಅಂತ ಹೆಸರು ಇಟ್ಟು ಕರೀತಾರ, ಒಳಗ ಹೋದ್ರ ಪಾಲಕರಿಗೆ ಫೋನ್ ಮಾಡಿ ಕೋರ್ಸ್ ಮಾರೋದು, ತಿಂಗಳಿಗೆ ಟಾರ್ಗೆಟ್. ಕಂಟೆಂಟ್, ಟೆಸ್ಟಿಂಗ್, ಡೆವಲಪ್‌ಮೆಂಟ್ ಇವುಗಳಾಗ ಯಾವ ಟೀಮು ಅಂತ ಮೊದಲೇ ಬಾಯಿಬಿಟ್ಟು ಕೇಳ್ರಿ. ಸರ್ಟಿಫಿಕೇಟ್‌ಗಿಂತ ನಿಮ್ಮ ಕ್ಲಾಸಿನ ಒಂದೇ ಒಂದು ತೊಂದರೆಗೆ ನೀವು ಮಾಡಿದ ಸಣ್ಣ ಪೇಜ್ ತೋರಸ್ರಿ, ನಾನು ಕಾಗುಣಿತದ ಆಟ ತೋರಿಸಿದ್ದೆ, ಹಳೇ ಫೋನಿನಾಗ ತೆರೀತದೋ ಇಲ್ಲೋ ಅಂತ ಮನ್ಯಾಗೇ ನೋಡ್ಕೊಂಡು ಹೋಗ್ರಿ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಾಗ ಟೈಪ್ ಮಾಡಿದ ಹಳೇ ವರ್ಕ್‌ಶೀಟ್ ಇದ್ರ ಯೂನಿಕೋಡ್‌ಗೆ ಬದಲಿಸ್ಕೊಂಡೇ ಹಾಕ್ರಿ, ಇಲ್ಲಾಂದ್ರ ಪೇಜಿನಾಗ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಬರ್ತಾವ. ಅಕ್ಷರ ಕೂಡಿಸೋ ಫಂಕ್ಷನ್‌ನಂಥದ್ದು ಯಾರಿಗಾದ್ರೂ ಬೇಕಿದ್ರ ಕೇಳ್ರಿ, ಹೆಂಗ ಬರೆಯೋದು ಅಂತ ಕುಂತು ಹೇಳಿ ಕೊಡ್ತೀನಿ.