ಇಪ್ಪತ್ತಾರು ಪೆಟ್ಟು, ಒಂದೂ ಹೆಚ್ಚಿಲ್ಲ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನಲ್ಲಿ, ಸ್ಯಾಂಡಿ ಹುಕ್ ಶಾಲೆಯೊಳಗೆ 2012ರ ಡಿಸೆಂಬರ್ 14ರಂದು ಗುಂಡಿಗೆ ಬಲಿಯಾದವರು 20 ಮಕ್ಕಳು, 6 ಮಂದಿ ಸಿಬ್ಬಂದಿ. ವಾರ ಕಳೆದು, 21ರ ಬೆಳಿಗ್ಗೆ 9.30ಕ್ಕೆ ಚರ್ಚುಗಳಲ್ಲಿ 26 ಸಲ ಗಂಟೆ ಬಾರಿಸಿದರು.

ಸತ್ತವರ ನೆನಪಿಗೆ ಹೀಗೆ ಎಣಿಸಿ ಬಾರಿಸುವುದು ಭಾನುವಾರದ ಪ್ರಾರ್ಥನೆಗೆ ಗಂಟೆ ಬಾರಿಸಿದಂತಲ್ಲ. ಗಂಟೆಯನ್ನೇ ತೂಗಾಡಿಸಿದರೆ ಲೆಕ್ಕ ಕೈಗೆ ಸಿಗುವುದಿಲ್ಲ. ಹಗ್ಗ ಬಿಟ್ಟ ಮೇಲೂ ಒಂದೆರಡು ಪೆಟ್ಟು ಬಿದ್ದೇ ಬೀಳುತ್ತವೆ. ಗಂಟೆ ಅಲುಗದಂತಿರಬೇಕು, ಹೊರಗಿನ ಸುತ್ತಿಗೆಯ ಹಗ್ಗವನ್ನಷ್ಟೇ ಎಳೆಯಬೇಕು. ಎಳೆದ ತಕ್ಷಣ ಬಿಡಿ. ಸುತ್ತಿಗೆ ಲೋಹಕ್ಕೆ ಒರಗಿ ನಿಂತರೆ ನಾದ ‘ಟಪ್’ ಎಂದು ಸಾಯುತ್ತದೆ, ಗಂಟೆ ಬಿರುಕು ಬಿಡಲೂಬಹುದು. ಸುತ್ತಿಗೆ ಇಲ್ಲವೆಂದು ಗಂಟೆಯ ನಾಲಗೆಗೇ ಹಗ್ಗ ಕಟ್ಟಿ ಜಗ್ಗುವುದಂತೂ ಬೇಡವೇ ಬೇಡ. ಹಳೆಯ ಗಂಟೆಗಳು ಎಷ್ಟೋ ಒಡೆದದ್ದು ಹೀಗೆಯೇ.

ಪೆಟ್ಟಿಗೂ ಪೆಟ್ಟಿಗೂ ನಡುವೆ 10 ಸೆಕೆಂಡು ಬಿಟ್ಟರೆ ನಾದ ಕರಗಲು ಸಮಯ ಸಿಗುತ್ತದೆ. 26 ಪೆಟ್ಟಿಗೆ 25 ಬಿಡುವು, ಅಂದರೆ 4 ನಿಮಿಷ 10 ಸೆಕೆಂಡು. ಮನಸ್ಸಿನಲ್ಲೇ ಎಣಿಸುವ ಧೈರ್ಯ ಬೇಡ, ಹದಿನೈದು ದಾಟಿದ ಮೇಲೆ ತಪ್ಪುತ್ತದೆ. 26 ಬೆಂಕಿಕಡ್ಡಿ ಜೋಡಿಸಿಡಿ. ಒಬ್ಬರು ಹಗ್ಗ ಹಿಡಿಯಲಿ, ಇನ್ನೊಬ್ಬರು ಪೆಟ್ಟಿಗೊಂದರಂತೆ ಕಡ್ಡಿ ಸರಿಸಲಿ.

ಮರೆತುಹೋಗುವ ಸಂಗತಿ ಇನ್ನೊಂದಿದೆ. ಗೋಪುರದ ಗಡಿಯಾರ ಅರ್ಧ ಗಂಟೆಗೂ ಬಾರಿಸುವಂಥದ್ದಾದರೆ 9.30ಕ್ಕೆ ತನ್ನದೊಂದು ಪೆಟ್ಟು ಸೇರಿಸಿಬಿಡುತ್ತದೆ. ಅದನ್ನು ಮೊದಲೇ ಆಫ್ ಮಾಡಿ. ನ್ಯೂಟೌನ್ ವಿಷಯದಲ್ಲಿ 27ಕ್ಕೆ ಬೇರೆಯೇ ಅರ್ಥವಿದೆ: ಅದೇ ದಿನ ಮನೆಯಲ್ಲಿ ಕೊಲೆಯಾದ ಹಂತಕನ ತಾಯಿಯನ್ನೂ ಲೆಕ್ಕಕ್ಕೆ ಹಿಡಿದಂತಾಗುತ್ತದೆ. ಹಿಡಿಯಬೇಕೋ ಬೇಡವೋ ಎಂಬುದನ್ನು ಹಗ್ಗ ಮುಟ್ಟುವ ಮುಂಚೆಯೇ ಕೂತು ತೀರ್ಮಾನಿಸಿ.